ಒಂದು ಗೋಡೆಯನ್ನಾದರೂ ಕೆಡವದೆ ಬಿಡಿ

ಮಾನ್ಯ ಸಂಪಾದಕರೇ,

ಒಂದೇ ತಿಂಗಳಲ್ಲಿ ಪ್ಲಾಸ್ಟರಿಂಗ್ ಕಲಿತು ಸ್ವಂತ ಉದ್ಯೋಗ ಶುರು ಮಾಡಿ ಎನ್ನುವ ಜಾಹೀರಾತುಗಳು ಈಗ ಎಲ್ಲಿ ನೋಡಿದರೂ ಕಾಣುತ್ತಿವೆ. ಕಳೆದ ವಾರ ನನ್ನ ಪರಿಚಯದ ಹುಡುಗನೊಬ್ಬ ಅಂಥದೇ ನಾಲ್ಕು ವಾರದ ತರಬೇತಿ ಮುಗಿಸಿ, ಪ್ರಮಾಣಪತ್ರ ಹಿಡಿದು ಬಂದಿದ್ದ. ವಿಸಿಟಿಂಗ್ ಕಾರ್ಡ್ ಆಗಲೇ ಅಚ್ಚಾಗಿತ್ತು. "ಅಣ್ಣಾ, ಇಷ್ಟು ಸಾಕಲ್ವಾ?" ಎಂದು ಕೇಳಿದ. ಇಪ್ಪತ್ತಾರು ವರ್ಷದ ಹಿಂದೆ ನಾನೂ ಅಂಥದೇ ಕಾಗದ ಹಿಡಿದು ನಿಂತವನು. ಅವನಿಗೆ ನಿಂತ ನಿಲುವಿನಲ್ಲಿ ಉತ್ತರ ಕೊಡಲು ನನಗೆ ಆಗಲಿಲ್ಲ. ಇದೇ ಪ್ರಶ್ನೆ ಇಟ್ಟುಕೊಂಡವರು ಇನ್ನೂ ಎಷ್ಟೋ ಜನ ಇದ್ದಾರೆ, ಅದಕ್ಕೇ ಈ ಪತ್ರ.

ತರಬೇತಿ ದಂಡ ಎಂದು ನಾನು ಹೇಳುವುದಿಲ್ಲ. ಮೇಸ್ತ್ರಿಯ ಕೈಕೆಳಗೆ ಸೇರಿದ ಹುಡುಗನಿಗೆ ಕರಣೆ ಕೈಗೆ ಸಿಗುವ ಹೊತ್ತಿಗೆ ಒಮ್ಮೊಮ್ಮೆ ವರ್ಷವೇ ಕಳೆದಿರುತ್ತದೆ. ತರಬೇತಿಯಲ್ಲಿ ಮೊದಲ ದಿನವೇ ಸಿಗುತ್ತದೆ. ಕರಣೆಯನ್ನು ಎಷ್ಟು ವಾಲಿಸಿ ಹಿಡಿಯಬೇಕು, ಗೋಡೆಗೆ ಗಾರೆಯ ದಪ್ಪ ತೋರುವ ಲೆವೆಲ್ ಗುಂಡಿಗಳನ್ನು ಇಟ್ಟು ತೂಗುಗುಂಡಿನಿಂದ ಹೇಗೆ ನೋಡಬೇಕು, ಗಾರೆ ಸಮ ಮಾಡುವ ಉದ್ದ ಪಟ್ಟಿಯನ್ನು ಹೇಗೆ ಎಳೆಯಬೇಕು, ಇದನ್ನೆಲ್ಲ ನಾನು ಕಲಿತದ್ದು ಅಲ್ಲೇ. ಕಲಿಸಿದವರ ಮೇಲೆ ನನಗೆ ಇವತ್ತಿಗೂ ಗೌರವವಿದೆ.

ಆದರೆ ಅಲ್ಲಿ ನಡೆಯುತ್ತಿದ್ದ ಒಂದು ವಿಷಯ ನನಗೆ ಬಹಳ ತಡವಾಗಿ ಅರ್ಥವಾಯಿತು. ಸಾಮಾನು ಉಳಿಸಲು ನಮಗೆ ಸುಣ್ಣ ಮತ್ತು ಮರಳಿನ ಮಿಶ್ರಣ ಕೊಡುತ್ತಿದ್ದರು. ಅದು ಬೇಗ ಗಟ್ಟಿಯಾಗುವುದಿಲ್ಲ. ಸಂಜೆ ಕೆರೆದು ತೆಗೆದು ತೊಟ್ಟಿಗೆ ಹಾಕುತ್ತಿದ್ದೆವು, ಬೆಳಿಗ್ಗೆ ನೀರು ಬಿಟ್ಟು ಕಲಸಿ ಅದೇ ಗೋಡೆಗೆ ಬಳಿಯುತ್ತಿದ್ದೆವು. ನಾಲ್ಕು ವಾರದಲ್ಲಿ ನಾನು ಬಳಿದ ಒಂದು ಗೋಡೆಯೂ ಮರುದಿನ ನನ್ನ ಕಣ್ಣಿಗೆ ಬೀಳಲಿಲ್ಲ. ಸಂಜೆ ನಾಲ್ಕು ಗಂಟೆಗೆ ನುಣುಪಾಗಿ ಕಂಡರೆ ಪಾಸು. ಗಾರೆ ಕೆಲಸದಲ್ಲಿ ಬರುವ ತಪ್ಪೆಲ್ಲ ತೋರುವುದು ಆ ನಾಲ್ಕು ಗಂಟೆಯ ನಂತರವೇ.

ನನ್ನ ಮೊದಲ ಸ್ವಂತ ಕೆಲಸ ಒಂದು ಕೋಣೆ. ನಾಲ್ಕು ಗೋಡೆ, ಮೇಲೆ ಕಾಂಕ್ರೀಟ್ ಚಾವಣಿ. ಬಿಸಿಲಿನ ದಿನ. ಇಟ್ಟಿಗೆಗೆ ನೀರು ಹೊಡೆದೆ, ಆದರೆ ಮೇಲೆ ಮೇಲೆ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಕುಡಿದುಬಿಟ್ಟಿತು. ಹತ್ತು ನಿಮಿಷದಲ್ಲಿ ಪಟ್ಟಿ ಎಳೆಯಲು ಬಾರದ ಹಾಗೆ ಬಿಗಿಯಿತು. ಗಾಬರಿಯಿಂದ ಬಾಂಡಲಿಯಲ್ಲಿದ್ದ ಗಾರೆಗೆ ಮತ್ತೆ ನೀರು ಸುರಿದು ಕಲಸಿದೆ. ಇನ್ನೊಂದು ಗೋಡೆ ಇದಕ್ಕೆ ವಿರುದ್ಧವಾಗಿ ಬೇಗ ಬಿಗಿಯದೆ ಜಾರುತ್ತಿತ್ತು, ಅದರ ಮೇಲೆ ಒಣ ಸಿಮೆಂಟ್ ಎರಚಿ ಉಜ್ಜಿದೆ. ಕಲಸಿ ಬಿಗಿಯತೊಡಗಿದ ಗಾರೆಗೆ ಮತ್ತೆ ನೀರು ಸೇರಿಸಿದರೆ ಅದರ ಬಲ ಹೋಗುತ್ತದೆ. ಮೇಲ್ಮೈಗೆ ಒಣ ಸಿಮೆಂಟ್ ಎರಚಿದರೆ ಮೇಲಿನ ತೆಳು ಪದರ ಒಳಗಿನದಕ್ಕಿಂತ ಹೆಚ್ಚು ಕುಗ್ಗಿ ಜೇಡರ ಬಲೆಯ ಹಾಗೆ ಸೀಳುತ್ತದೆ. ಎರಡೂ ನನಗೆ ಗೊತ್ತಿರಲಿಲ್ಲ. ಸಂಜೆಗೆ ಕೋಣೆ ಕನ್ನಡಿಯಂತಿತ್ತು. ಮನೆಯವರು ಮೆಚ್ಚಿ ಕೂಲಿಯನ್ನು ಪೂರ್ತಿ ಕೊಟ್ಟರು.

ಎರಡು ತಿಂಗಳಿಗೆ ಅವರು ಕರೆದರು. ಗೋಡೆಯ ತುಂಬ ಬಲೆ ಬಿರುಕು. ಕಾಂಕ್ರೀಟ್ ತೊಲೆ ಮತ್ತು ಇಟ್ಟಿಗೆ ಸೇರುವ ಕಡೆ ದಾರ ಹಿಡಿದು ಗೀಚಿದ ಹಾಗೆ ನೇರ ಸೀಳು, ಅಲ್ಲಿ ಬಿರುಕು ತಡೆಯುವ ಜಾಲರಿಯನ್ನು ನಾನು ಬಡಿದಿರಲಿಲ್ಲ. ಬೆರಳ ಗೆಣ್ಣಿನಿಂದ ಕುಟ್ಟಿದರೆ ಕೆಲವು ಕಡೆ ಡೊಳ್ಳು ಸದ್ದು, ಎಂದರೆ ಅಲ್ಲಿ ಗಾರೆ ಗೋಡೆಗೆ ಹಿಡಿದಿಲ್ಲ. ಚಾವಣಿಯಲ್ಲಂತೂ ಕಾಂಕ್ರೀಟಿನ ಮೇಲೆ ಅದನ್ನು ಎರೆಯುವಾಗ ಕಟ್ಟಿದ್ದ ಸೆಂಟ್ರಿಂಗ್ ಹಲಗೆಯ ಎಣ್ಣೆ ಹಾಗೇ ಇತ್ತು. ಅದನ್ನು ತಿಕ್ಕಿ ತೊಳೆದು, ಉಳಿಯಿಂದ ಕಚ್ಚು ಹಾಕಿ ಒರಟು ಮಾಡದೆ ನುಣ್ಣಗಿದ್ದ ಮೈಗೇ ಬಳಿದಿದ್ದೆ. ಚಾಪೆಯಗಲದ ಒಂದು ತುಂಡು ಕಳಚಿ ಅವರ ಮಗಳು ಓದಲು ಕೂರುವ ಮೇಜಿನ ಮೇಲೆ ಬಿದ್ದಿತ್ತು. ಹುಡುಗಿ ಆಗ ಶಾಲೆಯಲ್ಲಿದ್ದಳು. ಆ ಮೇಜಿನ ಮೇಲೆ ಎರಡಾಗಿ ಮುರಿದು ಬಿದ್ದಿದ್ದ ಕಂಪಾಸ್ ಪೆಟ್ಟಿಗೆ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಕೋಣೆ ಪೂರ್ತಿ ಕೆತ್ತಿ, ನನ್ನ ಖರ್ಚಿನಲ್ಲೇ ಮತ್ತೆ ಮಾಡಿಕೊಟ್ಟೆ. ಒಬ್ಬನೇ ಅಲ್ಲ, ಒಬ್ಬ ಹಿರಿಯ ಮೇಸ್ತ್ರಿಯ ಕೈಕಾಲು ಹಿಡಿದು ಕರೆದುಕೊಂಡು ಹೋದೆ. ಅವರು ಬಂದವರೇ ಕರಣೆ ತೆಗೆಯಲಿಲ್ಲ. ಚೆಂಬಿನಿಂದ ಒಂದು ಹಿಡಿ ನೀರು ಗೋಡೆಗೆ ಎರಚಿ, ಅದು ಇಂಗುವುದನ್ನು ನೋಡುತ್ತ ನಿಂತರು. ಅಂಗೈ ಮಗುಚಿ ಗೋಡೆಗೆ ಒತ್ತಿ ನೋಡಿದರು. ಮರಳನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟು ಅಂಗೈಗೆ ಮಣ್ಣು ಅಂಟಿದೆಯೇ ಎಂದು ನೋಡಿದರು. ಒದ್ದೆ ಮರಳು ಉಬ್ಬುತ್ತದೆ, ಒಮ್ಮೊಮ್ಮೆ ಕಾಲು ಭಾಗದಷ್ಟು. ಬಾಂಡಲಿ ಲೆಕ್ಕದಲ್ಲಿ ಒಂದು ಸಿಮೆಂಟಿಗೆ ನಾಲ್ಕು ಮರಳು ಎಂದುಕೊಂಡು ಹಾಕಿದರೂ ನಿಜವಾಗಿ ಹೋಗುವ ಮರಳು ಅದಕ್ಕಿಂತ ಕಡಿಮೆ. ಸಿಮೆಂಟ್ ಜಾಸ್ತಿಯಾಗಿ ಬಿರುಕು ಹೆಚ್ಚುತ್ತದೆ. ಗಾರೆ ಎಳೆದ ಮೇಲೆ ಉಜ್ಜುವ ಹಲಗೆ ಯಾವಾಗ ಹಾಕಬೇಕು ಎಂದು ನಾನು ಗಡಿಯಾರ ನೋಡುತ್ತಿದ್ದೆ. ಅವರು ಹೆಬ್ಬೆರಳು ಒತ್ತಿ ನೋಡಿದರು. ಗುರುತು ಬೀಳಬೇಕು, ಬೆರಳಿಗೆ ಅಂಟಬಾರದು. ಅಷ್ಟೇ ಅವರ ಲೆಕ್ಕ. ಕೆಲಸ ಮುಗಿದ ಮೇಲೆ ಏಳು ದಿನ ನೀರು ಹೊಡೆಯಲು ನನ್ನನ್ನೇ ಬೆಳಿಗ್ಗೆ ಸಂಜೆ ಕಳಿಸಿದರು. ಆ ಕೋಣೆ ಈಗಲೂ ಗಟ್ಟಿಯಾಗಿದೆ, ನಾನು ಹೋಗಿ ಕುಟ್ಟಿ ನೋಡಿದ್ದೇನೆ. ಮುಂದೆ ಎರಡೂವರೆ ವರ್ಷ ಅವರ ಜೊತೆಗೇ ಇದ್ದೆ.

ಇನ್ನು ಸ್ವಂತ ಉದ್ಯೋಗದ ಮಾತು. ಅದಕ್ಕೆ ಕೈಚಳಕದಷ್ಟೇ ಲೆಕ್ಕವೂ ಬೇಕು, ತರಬೇತಿಯಲ್ಲಿ ಅದಕ್ಕೆ ಅರ್ಧ ದಿನವೂ ಸಿಗುವುದಿಲ್ಲ. 100 ಚದರ ಮೀಟರ್ ಗೋಡೆಗೆ 12 ಮಿಲಿಮೀಟರ್ ದಪ್ಪ ಎಂದರೆ 1.2 ಘನ ಮೀಟರ್ ಗಾರೆ ಎಂದು ಯಾರು ಬೇಕಾದರೂ ಗುಣಿಸಬಹುದು. ಕಟ್ಟಿದ ಗೋಡೆಯೇ ಓರೆಯಾಗಿದ್ದು ಸರಾಸರಿ 20 ಮಿಲಿಮೀಟರ್ ಬಳಿಯಬೇಕಾಗಿ ಬಂದರೆ ಅದೇ ಗೋಡೆ 2 ಘನ ಮೀಟರ್ ನುಂಗುತ್ತದೆ. ಒಪ್ಪಿಕೊಂಡ ಹಣದಲ್ಲಿ ಒಂದು ಪೈಸೆಯೂ ಹೆಚ್ಚುವುದಿಲ್ಲ. ಆದ್ದರಿಂದ ದರ ಹೇಳುವ ಮೊದಲು ದಾರ ಕಟ್ಟಿ ಗೋಡೆ ಎಷ್ಟು ಓರೆ ಇದೆ ನೋಡಲೇಬೇಕು. ಕಿಟಕಿ ಬಾಗಿಲಿನ ಜಾಗವನ್ನು ಕಳೆದು ಲೆಕ್ಕ ಕೊಡುತ್ತಾರೆ, ಅವುಗಳ ಅಂಚು ಕಟ್ಟಲು ಹೋಗುವ ಹೊತ್ತನ್ನು ಮಾತ್ರ ಯಾರೂ ಕೂಡಿಸುವುದಿಲ್ಲ. ಸಾರುವೆ ಯಾರದು, ಕಸ ಯಾರು ಹೊರಬೇಕು, ಬಿರುಕು ಬಂದರೆ ಎಷ್ಟು ದಿನದ ತನಕ ನಾವು ಬರಬೇಕು, ಇವನ್ನು ಕಾಗದದ ಮೇಲೆ ಬರೆದುಕೊಳ್ಳದೆ ಕೆಲಸ ಕಳೆದುಕೊಂಡವರನ್ನೂ, ಸ್ನೇಹ ಕಳೆದುಕೊಂಡವರನ್ನೂ ನೋಡಿದ್ದೇನೆ.

ಸಿಮೆಂಟ್ ಬದಲು ಬಳಿಯುವ ಜಿಪ್ಸಂ ಪ್ಲಾಸ್ಟರ್ ಬಂದಮೇಲೆ ಇದೆಲ್ಲ ಸುಲಭವಾಯಿತು ಎನ್ನುವವರಿದ್ದಾರೆ. ಕ್ಯೂರಿಂಗ್, ಎಂದರೆ ದಿನಗಟ್ಟಲೆ ನೀರು ಹೊಡೆಯುವುದು, ಬೇಕಿಲ್ಲ, ನಿಜ. ಆದರೆ ಅದಕ್ಕೆ ತಾಳ್ಮೆ ಇಲ್ಲ, ಕಲಸಿದ ಅರ್ಧ ಗಂಟೆಯಲ್ಲೇ ಬಿಗಿಯಲು ಶುರುವಾಗುತ್ತದೆ. ಹಳೆಯ ಗಟ್ಟಿ ಉಳಿದ ಬಕೆಟ್ಟಿನಲ್ಲೇ ಹೊಸದನ್ನು ಕಲಸಿದರೆ ಇನ್ನೂ ಬೇಗ. ಸದಾ ತೇವ ಇರುವ ಜಾಗಕ್ಕೆ ಅದು ಆಗುವುದಿಲ್ಲ. ಸಿಮೆಂಟ್, ಜಿಪ್ಸಂ, ಸುಣ್ಣ, ಮೂರರ ಸ್ವಭಾವವೂ ಬೇರೆ. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ವಾರ, ತಿಂಗಳುಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತದೆ.

ಹುಡುಗರು ಕೈಗವಸು ಹಾಕುವುದಿಲ್ಲ, ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಹಸಿ ಸಿಮೆಂಟಿನ ಕ್ಷಾರ ಚರ್ಮವನ್ನು ಸುಡುತ್ತದೆ, ಸುಡುವಾಗ ಎಷ್ಟೋ ಸಲ ನೋವು ಕೂಡ ಗೊತ್ತಾಗುವುದಿಲ್ಲ. ಹಳೆ ಗಾರೆ ಕೆತ್ತುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಮಾಸ್ಕ್ ಇಲ್ಲದೆ ಉಳಿ ಹಿಡಿಯಬೇಡಿ.

ಮೂವತ್ತೈದು ದಾಟಿ, ಮನೆಯ ಭಾರ ಹೊತ್ತು, ಇದ್ದ ಕೆಲಸ ಹೋಗಿ ಈ ಕಡೆ ಬರುವವರಿಗೆ ಎರಡೂವರೆ ವರ್ಷ ಇನ್ನೊಬ್ಬರ ಕೈಕೆಳಗೆ ದುಡಿ ಎನ್ನುವುದು ಕಷ್ಟದ ಮಾತು ಎಂದು ನನಗೆ ಗೊತ್ತು. ಅಂಥವರು ಮೊದಲು ತೇಪೆ ಕೆಲಸ, ಕಾಂಪೌಂಡ್ ಗೋಡೆ, ಸಣ್ಣ ಶೆಡ್ಡು ಇಂಥವನ್ನು ಹಿಡಿಯಲಿ. ಚಾವಣಿಗೆ ಒಬ್ಬರೇ ಕೈ ಹಾಕುವುದು ಬೇಡ. ಮಾಡಿದ ಪ್ರತಿ ಗೋಡೆಗೂ ಮಿಶ್ರಣ ಏನಿತ್ತು, ಬಿಸಿಲಿತ್ತೇ ಮೋಡವಿತ್ತೇ, ಎಷ್ಟು ದಿನ ನೀರು ಹೊಡೆದೆವು ಎಂದು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟು, ಆರು ತಿಂಗಳ ನಂತರ ಹೋಗಿ ಕುಟ್ಟಿ ನೋಡಲಿ. ಮನೆಯವರು ಬೇಡ ಎನ್ನುವುದಿಲ್ಲ, ಸಂತೋಷವೇ ಪಡುತ್ತಾರೆ.

ತರಬೇತಿ ನಡೆಸುವವರಲ್ಲಿ ನನ್ನದೊಂದು ವಿನಂತಿ. ಮೊದಲ ವಾರದಲ್ಲೇ ಪ್ರತಿ ವಿದ್ಯಾರ್ಥಿಗೆ ನಿಜವಾದ ಸಿಮೆಂಟ್ ಗಾರೆಯಲ್ಲಿ ಒಂದು ಗೋಡೆ ಕೊಡಿ, ಅರ್ಧ ಇಟ್ಟಿಗೆ, ಅರ್ಧ ಕಾಂಕ್ರೀಟ್ ಇರುವಂಥದ್ದು. ಅದನ್ನು ಕೆಡವಬೇಡಿ. ನೀರು ಹೊಡೆಯುವ ಕೆಲಸವೂ ಅವರದೇ ಆಗಲಿ. ಕೊನೆಯ ದಿನ ಪ್ರಮಾಣಪತ್ರ ಕೊಡುವ ಮೊದಲು ಅವರವರ ಗೋಡೆಯನ್ನು ಅವರಿಂದಲೇ ಕುಟ್ಟಿಸಿ, ಎಲ್ಲಿ ಟೊಳ್ಳಾಗಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ.

ಆ ಹುಡುಗನಿಗೆ ಸೋಮವಾರದಿಂದ ನನ್ನ ಜೊತೆ ಬರಲು ಹೇಳಿದ್ದೇನೆ. ಕಾರ್ಡುಗಳನ್ನು ಸದ್ಯಕ್ಕೆ ಮನೆಯಲ್ಲಿಟ್ಟು ಬರುತ್ತೇನೆ ಎಂದಿದ್ದಾನೆ.

ಇಂತಿ,
ಒಬ್ಬ ಗಾರೆ ಕೆಲಸಗಾರ