ಗುಂಪಿಗೆ ಸೂಚನೆ: ಭಾನುವಾರದ ರೇಸ್, ಮಳೆ ಬಂದರೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಯೂರೋಪಿನ ಹಲವು ದೇಶಗಳ ರಾಷ್ಟ್ರೀಯ ಸೈಕಲ್ ರೋಡ್ ರೇಸ್ (ಆಯಾ ದೇಶದ ಚಾಂಪಿಯನ್‌ಶಿಪ್) ಒಟ್ಟಿಗೇ ಇವೆ. ಫ್ರಾನ್ಸ್, ಬೆಲ್ಜಿಯಂ ಎರಡೂ ಕಡೆ ಮಳೆ ತೋರಿಸುತ್ತಿದೆ. ನಮ್ಮ ಸಮಯ ತಿಳಿಯಲು ಅಲ್ಲಿನ ಸಮಯಕ್ಕೆ ಮೂರೂವರೆ ಗಂಟೆ ಸೇರಿಸಿಕೊಳ್ಳಿ. ಬ್ರಿಟನ್ ನೋಡುವವರು ನಾಲ್ಕೂವರೆ.

ಹವಾಮಾನ ಕೆಟ್ಟರೆ ಮೊದಲು ಕೈಕೊಡುವುದು ನೇರಪ್ರಸಾರದ ಚಿತ್ರ. ಮೋಟಾರ್‌ಬೈಕ್ ಕ್ಯಾಮೆರಾಗಳ ಸಿಗ್ನಲ್ ಸಾಮಾನ್ಯವಾಗಿ ಮೇಲೆ ಹಾರುವ ಹೆಲಿಕಾಪ್ಟರ್ ಅಥವಾ ವಿಮಾನದ ಮೂಲಕ ಬರುತ್ತದೆ. ಅದು ಹಾರದಿದ್ದರೆ ಫಿನಿಶ್ ಲೈನಿನ ಸ್ಥಿರ ಕ್ಯಾಮೆರಾ ಮಾತ್ರ, ಅಂದರೆ ಕೊಡೆ ಹಿಡಿದ ಜನ ಮತ್ತು ಖಾಲಿ ರಸ್ತೆ. ನಿಮ್ಮ ವೈಫೈ ತಪ್ಪಲ್ಲ, ಆಪ್ ಅಳಿಸಬೇಡಿ. ಆಯೋಜಕರ ಲೈವ್ ಪಠ್ಯ ತೆರೆದಿಟ್ಟುಕೊಳ್ಳಿ.

ಎರಡನೆಯದು ಗುರುತು. ರೇನ್ ಜಾಕೆಟ್ ಹಾಕಿದರೆ ಬೆನ್ನಿನ ನಂಬರ್ ಮುಚ್ಚಿಹೋಗುತ್ತದೆ, ಕಾಮೆಂಟರಿಯವರೂ ಎಡವುತ್ತಾರೆ. ಹೆಲ್ಮೆಟ್, ಶೂ, ಫ್ರೇಮಿನ ನಂಬರ್ ನೋಡಿ. ಸವಾರರು ತಮ್ಮ ವೃತ್ತಿಪರ ತಂಡದ ಜೆರ್ಸಿಯಲ್ಲೇ ಇರುತ್ತಾರೆ. ಒಂದು ತಂಡಕ್ಕೆ ಹತ್ತಾರು ಜನ, ಇನ್ನೊಂದಕ್ಕೆ ಒಬ್ಬನೇ ಇರಬಹುದು. ನೆರವಿಗೆ ತಂಡದವರಿಲ್ಲದ ಒಬ್ಬಂಟಿ ಸವಾರ ಬೇಗ ದಾಳಿ ಮಾಡಿದರೆ, ಅಂದರೆ ಗುಂಪು ಬಿಟ್ಟು ಮುಂದೆ ನುಗ್ಗಿದರೆ, ಹುಚ್ಚುತನ ಅನ್ನಬೇಡಿ. ಒದ್ದೆ ತಿರುವಿನಲ್ಲಿ ಬಿಳಿ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ ಜಾರುತ್ತವೆ, ಗುಂಪಿನ ಮುಂದಿರುವುದೇ ಕ್ಷೇಮ.

ಬರೀ ಮಳೆಗೆ ರೇಸ್ ನಿಲ್ಲುವುದಿಲ್ಲ. 2016ರಿಂದ ಇರುವ ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ) ಹವಾಮಾನ ನಿಯಮ ಹಿಮ, ಹೆಪ್ಪುಗಟ್ಟುವ ಮಳೆ, ಬಿರುಗಾಳಿಯಂಥದ್ದಕ್ಕೆ. "ರದ್ದಂತೆ" ಅನ್ನುವ ಫಾರ್ವರ್ಡ್ ಬೇಡ, ಅಧಿಕೃತ ಪ್ರಕಟಣೆಯ ಸ್ಕ್ರೀನ್‌ಶಾಟ್ ಇದ್ದರೆ ಹಾಕಿ.

ಯಾವ ದೇಶದ ರೇಸ್ ಯಾರು ನೋಡುತ್ತೀರಿ, ಶನಿವಾರ ರಾತ್ರಿಯೊಳಗೆ ತಿಳಿಸಿ. ಫಲಿತಾಂಶ ಬರೆಯುವಾಗ ಮೊದಲು ದೇಶದ ಹೆಸರು, ಆಮೇಲೆ, ಇನ್ನೂ ನೋಡದವರ ಕಣ್ಣಿಗೆ ಬೀಳದಂತೆ, ನಾಲ್ಕು ಸಾಲು ಬಿಟ್ಟು ಗೆದ್ದವರ ಹೆಸರು. ಮಹಿಳೆಯರ ರೇಸಿಗೂ ಇದೇ ಕ್ರಮ.