ಕೌಂಟರ್ ಮುಂದೆ ನಿಲ್ಲುವ ಮೊದಲು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಇಟಲಿಗೆ ಟಿಕೆಟ್ ಆಯ್ತು, ಹೋಟೆಲ್ ಆಯ್ತು, ಇನ್ನು ಬಾಡಿಗೆಗೆ ಕಾರೊಂದು ಬುಕ್ ಮಾಡಿದರೆ ಮುಗೀತಲ್ಲವಾ ಅಂತ ಕೇಳಿ ಬರೆದಿದ್ದೀಯ. ದಿನಕ್ಕೆ 25 ಯೂರೊ ಅಂತ ತೋರಿಸುವ ಆ ಪುಟವನ್ನೂ ನೋಡಿದೆ. ಮಾರಾಯಾ, ಅದು ಬಾಡಿಗೆಯ ಒಂದು ತುಂಡು ಅಷ್ಟೆ. ಉಳಿದ ತುಂಡುಗಳು ವಿಮಾನ ನಿಲ್ದಾಣದ ಕೌಂಟರಿನಲ್ಲಿ, ಹೆದ್ದಾರಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಕೊನೆಗೆ ಊರಿಗೆ ವಾಪಸಾದ ತಿಂಗಳುಗಳ ಮೇಲೆ ಟಪಾಲಿನಲ್ಲಿ ಸಿಗುತ್ತವೆ. ನಿನಗೊಬ್ಬನಿಗೇ ಫೋನಿನಲ್ಲಿ ಹೇಳಬಹುದಿತ್ತು. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಓಡಾಡುವವರು ಇನ್ನೂ ಬಹಳ ಮಂದಿ ಇದ್ದಾರೆ, ಅದಕ್ಕೇ ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ.

ಮೊದಲು ವಿಮೆ. ಹೆಚ್ಚು ದುಡ್ಡು ಸೋರುವುದು ಅಲ್ಲೇ. ಬುಕಿಂಗ್‌ನಲ್ಲಿ ಸಿಡಿಡಬ್ಲ್ಯು ಸೇರಿದೆ ಎಂದು ಬರೆದಿರುತ್ತದೆ. ಕಾರಿಗೆ ಪೆಟ್ಟಾದರೆ ಪೂರ್ತಿ ನಷ್ಟವನ್ನು ನಿನ್ನಿಂದ ವಸೂಲಿ ಮಾಡುವುದಿಲ್ಲ ಅಂತ ಬಾಡಿಗೆ ಕಂಪನಿ ಕೊಡುವ ಮಾತು ಅದು. ಆದರೆ ಒಂದು ಮಿತಿಯವರೆಗಿನ ಖರ್ಚು ನಿನ್ನದೇ, ಅದಕ್ಕೆ ಎಕ್ಸೆಸ್ ಅನ್ನುತ್ತಾರೆ. ಯುರೋಪಿನಲ್ಲಿ ಸಣ್ಣ ಕಾರಿಗೂ 1000ದಿಂದ 2000 ಯೂರೊ ಎಕ್ಸೆಸ್ ಇರುವುದು ಮಾಮೂಲು, ದೊಡ್ಡ ಕಾರಿಗೆ ಇನ್ನೂ ಜಾಸ್ತಿ. ಅದರ ಮೇಲೆ ಟೈರು, ರಿಮ್ಮು, ಗಾಜು, ಪಕ್ಕದ ಕನ್ನಡಿ, ಚಾವಣಿ, ಕಾರಿನ ತಳ, ಕಳೆದುಹೋದ ಕೀ, ತಪ್ಪಿ ತುಂಬಿಸಿದ ಇಂಧನ ಇವೆಲ್ಲ ಹೆಚ್ಚಿನ ಕಡೆ ಸಿಡಿಡಬ್ಲ್ಯುವಿನಿಂದ ಹೊರಗೆ. ನಿಜವಾಗಿ ಪೆಟ್ಟು ತಿನ್ನುವುದು ಈ ಭಾಗಗಳೇ ಅನ್ನುವುದನ್ನು ಗಮನಿಸು. ಫುಟ್‌ಪಾತಿನ ಅಂಚಿಗೆ ಉಜ್ಜುವುದು ರಿಮ್ಮು, ಲಾರಿಯಿಂದ ಹಾರಿದ ಕಲ್ಲು ಬಡಿಯುವುದು ಮುಂದಿನ ಗಾಜಿಗೆ.

ಈ ಎಕ್ಸೆಸ್ಸನ್ನು ಸೊನ್ನೆ ಮಾಡಿಕೊಡುತ್ತೇವೆ ಅಂತ ಕೌಂಟರಿನಲ್ಲಿ ಒಂದು ಪ್ಯಾಕೇಜ್ ಮಾರುತ್ತಾರೆ. ದಿನಕ್ಕೆ 30 ಯೂರೊ ಅಂದುಕೋ, ಹತ್ತು ದಿನಕ್ಕೆ 300. ನೀನು ನೋಡಿದ ಬಾಡಿಗೆಯೇ ಹತ್ತು ದಿನಕ್ಕೆ 250! ಇದಕ್ಕೆ ಬದಲು ಎಕ್ಸೆಸ್ ವಿಮೆಯನ್ನೇ ಬೇರೆ ವಿಮಾ ಕಂಪನಿಯಿಂದ ಮೊದಲೇ ಕೊಳ್ಳಬಹುದು. ಕೌಂಟರಿನ ದರದ ಸಣ್ಣ ಪಾಲಿಗೆ ಸಿಗುತ್ತದೆ, ಟೈರು ಗಾಜುಗಳೂ ಹೆಚ್ಚಾಗಿ ಅದರಲ್ಲಿ ಸೇರಿರುತ್ತವೆ. ಆದರೆ ಕೊಳ್ಳುವ ಮೊದಲು ಎರಡು ಸಂಗತಿ ನೋಡಿಕೋ. ಇಂಥ ಪಾಲಿಸಿಗಳನ್ನು ಕೆಲವು ದೇಶಗಳ ನಿವಾಸಿಗಳಿಗೆ ಮಾತ್ರ ಮಾರುತ್ತಾರೆ, ನೀನು ಆ ಪಟ್ಟಿಯಲ್ಲಿ ಇದ್ದೀಯಾ ಅನ್ನುವುದು ಒಂದು. ಪೆಟ್ಟಾದರೆ ಮೊದಲು ನಿನ್ನ ಕಾರ್ಡಿನಿಂದಲೇ ದುಡ್ಡು ಹೋಗುತ್ತದೆ, ಆಮೇಲೆ ಕಾಗದಪತ್ರ ಕೊಟ್ಟು ಕ್ಲೇಮ್ ಮಾಡಿಕೊಳ್ಳಬೇಕು ಅನ್ನುವುದು ಇನ್ನೊಂದು. ಬುಕಿಂಗ್ ವೆಬ್‌ಸೈಟ್ 'ಫುಲ್ ಪ್ರೊಟೆಕ್ಷನ್' ಅಂತ ಒಂದು ಟಿಕ್ಕಿನಲ್ಲಿ ಮಾರುವುದೂ ಸಾಮಾನ್ಯವಾಗಿ ಇದೇ ಜಾತಿಯ ವಿಮೆ.

ಇಲ್ಲೇ ಎಡವಟ್ಟಾಗುವುದು. ನೀನು ಆ ಹೊರಗಿನ ವಿಮೆಯ ಪತ್ರ ತೋರಿಸುತ್ತೀಯ. ಕೌಂಟರಿನವರು 'ಇದು ನಮ್ಮಲ್ಲಿ ನಡೆಯುವುದಿಲ್ಲ' ಅನ್ನುತ್ತಾರೆ. ಅವರ ಮಾತು ಅರ್ಧ ನಿಜ: ಅವರ ಮಟ್ಟಿಗೆ ನಿನ್ನ ಎಕ್ಸೆಸ್ ಹಾಗೇ ಇರುತ್ತದೆ, ಅಷ್ಟು ಮೊತ್ತ ಡೆಪಾಸಿಟ್ ಅಂತ ನಿನ್ನ ಕಾರ್ಡಿನಲ್ಲಿ ಪೂರ್ತಿ ಬ್ಲಾಕ್ ಆಗುತ್ತದೆ. ಉಳಿದ ಅರ್ಧವನ್ನು ಅವರು ಹೇಳುವುದಿಲ್ಲ: ಹೊರಗಿನ ವಿಮೆ ಇದ್ದವರು ಅವರ ಪ್ಯಾಕೇಜ್ ಕೊಳ್ಳಲೇಬೇಕು ಅಂತೇನಿಲ್ಲ. 'ಬೇಡ, ಡೆಪಾಸಿಟ್ ಬ್ಲಾಕ್ ಮಾಡಿಕೊಳ್ಳಿ' ಅಂತ ಎರಡು ಸಲ ನಿಧಾನವಾಗಿ ಹೇಳಿದರೆ ಸಾಕು. ಹಾಗೆ ಹೇಳಲು ಕಾರ್ಡಿನಲ್ಲಿ ಅಷ್ಟು ಲಿಮಿಟ್ ಇರಬೇಕು. ಎಕ್ಸೆಸ್ ಮೊತ್ತ, ಅದರ ಮೇಲೆ ಒಂದು ಟ್ಯಾಂಕ್ ಇಂಧನದ ದುಡ್ಡು, ಇಷ್ಟನ್ನು ಹೋಟೆಲ್ ಖರ್ಚಿನಿಂದ ಬೇರೆಯಾಗಿ ಖಾಲಿ ಇಟ್ಟುಕೋ. ವಾಪಸ್ ಕೊಟ್ಟ ಮೇಲೂ ಬ್ಲಾಕ್ ಬಿಡುವುದಕ್ಕೆ ದಿನಗಳು ಹಿಡಿಯುತ್ತವೆ, ಕೆಲವೊಮ್ಮೆ ವಾರಗಳು. ಕಾರ್ಡು ಕ್ರೆಡಿಟ್ ಕಾರ್ಡೇ ಆಗಿರಬೇಕು, ಕಾರು ಯಾರ ಹೆಸರಲ್ಲಿದೆಯೋ ಅವರ ಹೆಸರಲ್ಲೇ ಇರಬೇಕು. ಡೆಬಿಟ್ ಮತ್ತು ಪ್ರೀಪೇಯ್ಡ್ ಕಾರ್ಡನ್ನು ಡೆಪಾಸಿಟ್ಟಿಗೆ ತಿರಸ್ಕರಿಸುವುದು ಮಾಮೂಲು. ಬುಕಿಂಗ್ ನಿನ್ನದು, ಕಾರ್ಡು ಹೆಂಡತಿಯದು ಅಂತಾದರೆ ಕಾರು ಕೊಡದೇ ಕಳಿಸಬಹುದು, ಮುಂಗಡವೂ ವಾಪಸ್ ಬಾರದಿರಬಹುದು.

ಕಾರ್ಡ್ ಮಷೀನು 'ನಿಮ್ಮ ದೇಶದ ಹಣದಲ್ಲಿ ಕೊಡುತ್ತೀರಾ, ಇಲ್ಲಿಯ ಹಣದಲ್ಲಾ' ಅಂತ ಕೇಳಿದರೆ ಅಲ್ಲಿಯ ಹಣವನ್ನೇ ಒತ್ತು. ನಿನ್ನ ದೇಶದ ಹಣ ಅಂದರೆ ವಿನಿಮಯ ದರವನ್ನು ಆ ಮಷೀನಿನ ಕಡೆಯವರೇ ತಮಗೆ ಬೇಕಾದ ಹಾಗೆ ಹಾಕಿಕೊಳ್ಳುತ್ತಾರೆ.

ಅಮೆರಿಕದ ಲೆಕ್ಕ ಬೇರೆ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಥರ್ಡ್ ಪಾರ್ಟಿ ವಿಮೆ ಕಾನೂನಿನ ಪ್ರಕಾರ ಕಾರಿನ ಜೊತೆಗೇ ಬರುತ್ತದೆ. ಅಮೆರಿಕದಲ್ಲಿ ಅಗ್ಗದ ದರಗಳಲ್ಲಿ ಅದು ತೀರಾ ಕಡಿಮೆ ಇರಬಹುದು, ಸಿಡಿಡಬ್ಲ್ಯು ಇಲ್ಲದೆಯೂ ಇರಬಹುದು. ಅಲ್ಲಿ ಬುಕ್ ಮಾಡುವಾಗಲೇ ಎರಡೂ ಸೇರಿದ ದರ ಆರಿಸು, ಎದುರಿನವರಿಗೆ ಪೆಟ್ಟಾದರೆ ಬರುವ ಬಿಲ್ಲಿನ ಮುಂದೆ ಸ್ವಂತ ಕಾರಿನ ಗೀರು ಏನೇನೂ ಅಲ್ಲ.

ಯಾವ ವಿಮೆಗೂ ಒಗ್ಗದ ಜಾಗಗಳೂ ಇವೆ. ಐಸ್‌ಲ್ಯಾಂಡಿನಲ್ಲಿ ಗಾಳಿಗೆ ಕಾರಿನ ಬಾಗಿಲು ಹಿಂದಕ್ಕೆ ಮಡಚಿಹೋಗುವ ಹಾನಿ, ನದಿ ದಾಟುವಾಗ ಇಂಜಿನ್ನಿಗೆ ನೀರು ನುಗ್ಗುವುದು, ಇವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಲ್ಲಿ ಮಕ್ಕಳಿಗೆ ಬಾಗಿಲು ತೆಗೆಯಲು ಬಿಡಬೇಡ, ಗಾಳಿಗೆ ಮುಖ ಮಾಡಿ ಕಾರು ನಿಲ್ಲಿಸು. ನ್ಯೂಜಿಲೆಂಡಿನ ಕ್ವೀನ್ಸ್‌ಟೌನ್ ಹತ್ತಿರದ ಸ್ಕಿಪ್ಪರ್ಸ್ ರಸ್ತೆಗೆ ಬಾಡಿಗೆ ಕಾರು ಇಳಿಸಿದರೆ ವಿಮೆ ಅಲ್ಲಿಗೇ ರದ್ದು. ಒಂದು ದೇಶದ ಗಡಿ ದಾಟುವುದಿದ್ದರೆ, ಫೆರ್ರಿಗೆ ಕಾರು ಹತ್ತಿಸುವುದಿದ್ದರೆ ಕರಾರಿನಲ್ಲಿ ಬರಹದ ಅನುಮತಿ ಇರಲಿ.

ಇನ್ನು ಟೋಲು. ಸ್ವಿಟ್ಜರ್‌ಲ್ಯಾಂಡಿನ ಮೋಟಾರುಮಾರ್ಗಗಳಿಗೆ 40 ಫ್ರಾಂಕಿನ ವಿನೆಟ್, ಅಂದರೆ ಟೋಲ್ ಕಟ್ಟಿದ ಗುರುತಿನ ಚೀಟಿ, ಬೇಕು. ವರ್ಷದ್ದೊಂದೇ ಇರುವುದು, ಎರಡು ದಿನಕ್ಕಾದರೂ ಅಷ್ಟೇ ಬೆಲೆ. ಅಲ್ಲೇ ಬಾಡಿಗೆಗೆ ಎತ್ತಿಕೊಂಡ ಕಾರಿನಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ, ಇಟಲಿಯಲ್ಲೋ ಜರ್ಮನಿಯಲ್ಲೋ ಎತ್ತಿಕೊಂಡ ಕಾರಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ, ಜೊತೆಗೆ ವಿನೆಟ್ಟನ್ನೂ ಕೊಳ್ಳಬೇಕು. 2023ರಿಂದ ಅದನ್ನು ಆನ್‌ಲೈನಿನಲ್ಲೂ ಕೊಡುತ್ತಾರೆ, ಕಾರಿನ ನಂಬರ್ ಕೈಗೆ ಬಂದ ಕೂಡಲೇ ಮಾಡಿಬಿಡು. ಇಂಗ್ಲೆಂಡಿನಲ್ಲಿ ಥೇಮ್ಸ್ ನದಿ ದಾಟಿಸುವ ಡಾರ್ಟ್‌ಫರ್ಡ್ ಕ್ರಾಸಿಂಗಿನಲ್ಲಿ ಬೂತೇ ಇಲ್ಲ, ಮರುದಿನ ಮಧ್ಯರಾತ್ರಿಯೊಳಗೆ ಆನ್‌ಲೈನಿನಲ್ಲಿ ಕಟ್ಟಬೇಕು. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆ 2013ರಿಂದ ನಗದು ಮುಟ್ಟುವುದಿಲ್ಲ. ಇಂಥ ಕಡೆ ಬಾಡಿಗೆ ಕಂಪನಿಯ ಟೋಲ್ ಸೌಲಭ್ಯ ಬೇಕೇ ಅಂತ ಕೇಳುತ್ತಾರೆ. ಒಂದೇ ಸೇತುವೆ ದಾಟಿದರೂ ಬಾಡಿಗೆಯ ಅಷ್ಟೂ ದಿನಕ್ಕೆ ದಿನದ ಶುಲ್ಕ ಹಾಕುವ ಕ್ರಮ ಕೆಲವರದು. ಒಪ್ಪುವ ಮೊದಲು ಬಳಸಿದ ದಿನಕ್ಕೆ ಮಾತ್ರವೋ, ಎಲ್ಲ ದಿನಕ್ಕೋ ಅಂತ ಕೇಳು.

ಇಟಲಿಗೆ ಹೋಗುತ್ತಿರುವುದರಿಂದ ಝಡ್‌ಟಿಎಲ್, ಅಂದರೆ ಸಂಚಾರ ನಿರ್ಬಂಧಿತ ವಲಯದ ಬಗ್ಗೆ ಬಿಡಿಸಿ ಹೇಳುತ್ತೇನೆ. ಫ್ಲಾರೆನ್ಸ್, ರೋಮ್, ಪೀಸಾ, ಬೊಲೋನ್ಯಾ ಇಂಥ ಊರುಗಳ ಹಳೆಯ ಭಾಗಕ್ಕೆ ಹೊರಗಿನ ಕಾರುಗಳಿಗೆ ಪ್ರವೇಶವಿಲ್ಲ. ಗೇಟಿಲ್ಲ, ಪೊಲೀಸರಿಲ್ಲ, ಒಂದು ಕ್ಯಾಮೆರಾ ಮಾತ್ರ. ವಲಯದ ಫಲಕ ಹೀಗಿರುತ್ತದೆ: ಬಿಳಿ ವೃತ್ತ, ಕೆಂಪು ಅಂಚು, ಕೆಳಗೆ ವೇಳೆಯ ವಿವರ. ಪಕ್ಕದ ಬೋರ್ಡಿನಲ್ಲಿ 'ವಾರ್ಕೊ ಅತ್ತೀವೊ' ಅಂತ ಬೆಳಗುತ್ತಿದ್ದರೆ ಕ್ಯಾಮೆರಾ ಚಾಲೂ ಇದೆ, ಒಳಗೆ ಹೋಗಬೇಡ. ದಾರಿ ತೋರಿಸುವ ಆ್ಯಪ್ ಎಲ್ಲ ಸಲವೂ ಎಚ್ಚರಿಸುತ್ತದೆ ಅಂತ ನಂಬಬೇಡ. ದಾರಿ ತಪ್ಪಿ ಒಳಗೇ ಸುತ್ತಿದರೆ ಹಾದುಹೋದ ಒಂದೊಂದು ಕ್ಯಾಮೆರಾಗೂ ಒಂದೊಂದು ದಂಡ ಬರಬಹುದು. ಮೊದಲು ಬಾಡಿಗೆ ಕಂಪನಿ, ಪೊಲೀಸರಿಗೆ ನಿನ್ನ ಹೆಸರು ವಿಳಾಸ ಕೊಟ್ಟದ್ದಕ್ಕೇ ಒಂದು ಶುಲ್ಕವನ್ನು ಕಾರ್ಡಿನಿಂದ ಎಳೆದುಕೊಳ್ಳುತ್ತದೆ. ಅದನ್ನೇ ದಂಡ ಅಂದುಕೊಂಡು ಸುಮ್ಮನಾಗುವವರಿದ್ದಾರೆ. ನಿಜವಾದ ದಂಡದ ನೋಟಿಸು ಬೇರೆಯಾಗಿ ಬರುತ್ತದೆ, ವಿದೇಶದಲ್ಲಿರುವವರಿಗೆ ಕಳಿಸಲು ಅವರಿಗೆ 360 ದಿನಗಳ ಅವಕಾಶವಿದೆ. ನೋಟಿಸು ಬಂದ ಐದು ದಿನದೊಳಗೆ ಕಟ್ಟಿದರೆ 30 ಶೇಕಡಾ ರಿಯಾಯಿತಿ. ಹೋಟೆಲ್ ಆ ವಲಯದೊಳಗೆ ಇದ್ದರೆ ಮೊದಲೇ ಬರೆದು ಕೇಳು, ಕಾರಿನ ನಂಬರನ್ನು ಅವರೇ ನೋಂದಾಯಿಸಿಕೊಡಬಹುದು. ಇಲ್ಲವಾದರೆ ಹೊರವಲಯದಲ್ಲಿ ಕಾರು ಬಿಟ್ಟು ಟ್ರಾಮೋ ಬಸ್ಸೋ ಹತ್ತಿಬಿಡು.

ಇಂಧನಕ್ಕೆ 'ಫುಲ್ ಟು ಫುಲ್', ಅಂದರೆ ತುಂಬಿದ ಟ್ಯಾಂಕ್ ಪಡೆದು ತುಂಬಿಸಿಯೇ ವಾಪಸ್ ಕೊಡುವ ದರವನ್ನೇ ಹಿಡಿ. ಟ್ಯಾಂಕಿನ ದುಡ್ಡನ್ನು ಮೊದಲೇ ಕಟ್ಟಿಸಿಕೊಂಡು ಖಾಲಿ ಮಾಡಿ ತನ್ನಿ ಅನ್ನುವ ಪದ್ಧತಿಯಲ್ಲಿ ಉಳಿದ ಇಂಧನಕ್ಕೆ ದುಡ್ಡು ವಾಪಸಿಲ್ಲ, ಮೇಲೊಂದು ಸರ್ವೀಸ್ ಶುಲ್ಕವೂ ಇರುತ್ತದೆ. ನಿಲ್ದಾಣದ ಹತ್ತಿರದ ಬಂಕಿನಲ್ಲಿ ತುಂಬಿಸಿ ರಸೀದಿ ಇಟ್ಟುಕೋ. ಹೊಸ ದೇಶದಲ್ಲಿ ಬಂಕಿನಲ್ಲಿರುವ ಇಂಧನದ ಹೆಸರುಗಳು ಗೊಂದಲ ಮಾಡುತ್ತವೆ, ಆದರೆ 2018ರ ಅಕ್ಟೋಬರಿನಿಂದ ಯುರೋಪಿಯನ್ ಒಕ್ಕೂಟದಲ್ಲಿ ಪೈಪಿನ ಮೇಲೂ ಹೊಸ ಕಾರುಗಳ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲೂ ಒಂದೇ ಗುರುತಿದೆ: ಪೆಟ್ರೋಲಿಗೆ ವೃತ್ತದೊಳಗೆ ಇ5 ಅಥವಾ ಇ10, ಡೀಸೆಲ್ಲಿಗೆ ಚೌಕದೊಳಗೆ ಬಿ7. ಮುಚ್ಚಳ ತೆಗೆದು ಆಕಾರ ಹೊಂದಿಸಿ ನೋಡಿದರೆ ತಪ್ಪುವುದಿಲ್ಲ.

ಮಕ್ಕಳ ಸೀಟು ದಿನಕ್ಕೊಂದು ಶುಲ್ಕ. ನಿನ್ನ ಇಬ್ಬರು ಮಕ್ಕಳಿಗೆ ಹತ್ತು ದಿನ ಕಟ್ಟುವ ದುಡ್ಡಿಗೆ ಹೊಸ ಸೀಟುಗಳೇ ಬಂದಾವು. ಬಹಳಷ್ಟು ವಿಮಾನ ಕಂಪನಿಗಳು ಮಗುವಿನ ಸೀಟನ್ನು ಉಚಿತವಾಗಿ ಒಯ್ಯುತ್ತವೆ, ಯುರೋಪಿಗಾದರೆ ಆರ್44 ಅಥವಾ ಆರ್129 ಸುರಕ್ಷತಾ ಗುರುತಿನದ್ದು ಇರಲಿ. ದೊಡ್ಡವಳಿಗೆ ಬೇಡ ಅಂದುಕೊಳ್ಳಬೇಡ: ಬ್ರಿಟನ್ನಿನಲ್ಲಿ 135 ಸೆಂಟಿಮೀಟರ್ ಅಥವಾ 12 ವರ್ಷದವರೆಗೆ ಬೇಕು, ಜರ್ಮನಿಯಲ್ಲಿ 150 ಸೆಂಟಿಮೀಟರ್ ಅಥವಾ 12 ವರ್ಷ. ಇಬ್ಬರೂ ಓಡಿಸುವುದಿದ್ದರೆ ಇಬ್ಬರ ಹೆಸರೂ ಕರಾರಿನಲ್ಲಿರಬೇಕು, ಹೆಸರಿಲ್ಲದವರು ಸ್ಟೇರಿಂಗ್ ಹಿಡಿದಾಗ ಏನಾದರೂ ಆದರೆ ವಿಮೆ ಪೂರ್ತಿ ಹೋಯಿತು. ಬಾಡಿಗೆಯ ದಿನ ಅಂದರೆ 24 ಗಂಟೆ. ಬೆಳಿಗ್ಗೆ 10ಕ್ಕೆ ತೆಗೆದುಕೊಂಡು ಕೊನೆಯ ದಿನ 11.30ಕ್ಕೆ ಕೊಟ್ಟರೆ ಒಂದು ಪೂರ್ತಿ ದಿನ ಹೆಚ್ಚು. ವಿಮಾನದ ನಂಬರನ್ನು ಬುಕಿಂಗಿನಲ್ಲಿ ಹಾಕು, ತಡವಾದರೆ ಬಂದಿಲ್ಲ ಅಂತ ರದ್ದು ಮಾಡುವುದು ತಪ್ಪುತ್ತದೆ.

ಇಷ್ಟೆಲ್ಲ ಬರೆಯುವಾಗ ನನ್ನನ್ನು ಕೊರೆಯುತ್ತಿರುವ ಒಂದು ಮಾತಿದೆ. ಈ ವಿವರಗಳಲ್ಲಿ ಯಾವುದೂ ಗುಟ್ಟಲ್ಲ, ಎಲ್ಲವೂ ಕರಾರಿನಲ್ಲಿ ಅಚ್ಚಾಗಿರುತ್ತದೆ. 2017ರಲ್ಲಿ ಯುರೋಪಿಯನ್ ಕಮಿಷನ್ನಿನ ಒತ್ತಡಕ್ಕೆ ಐದು ದೊಡ್ಡ ಕಂಪನಿಗಳು ಕಡ್ಡಾಯ ಶುಲ್ಕಗಳನ್ನೆಲ್ಲ ಮೊದಲ ದರದಲ್ಲೇ ಸೇರಿಸಿ ತೋರಿಸಲು ಒಪ್ಪಿದವು. ಆದರೂ ದುಡ್ಡು ಹೋಗುತ್ತದೆ, ಯಾಕೆಂದರೆ ಓದಬೇಕಾದ ಗಳಿಗೆ ಅಷ್ಟು ಕೆಟ್ಟದ್ದು. ರಾತ್ರಿ ಇಳಿದಿರುತ್ತೀಯ, ಚಿಕ್ಕವನು ಟ್ರಾಲಿಯ ಮೇಲೆ ಮಲಗಿರುತ್ತಾನೆ, ಹಿಂದೆ ಸಾಲು, ಮುಂದೆ ಟ್ಯಾಬ್ಲೆಟ್ಟಿನಲ್ಲಿ ಸಹಿಯ ಚೌಕ ಮಾತ್ರ ಕಾಣುತ್ತಿರುತ್ತದೆ. ಆಗ 'ಕುಟುಂಬ ಜೊತೆಗಿದೆ, ರಿಸ್ಕ್ ಯಾಕೆ ಸಾರ್' ಅಂತ ಒಂದು ಮಾತು ಬೀಳುತ್ತದೆ. ನನಗೆ ಭಯವಾಗುವುದು ಆ ಮಾತಿನದ್ದು. ಬೇಡ ಅಂದರೆ ಹೆಂಡತಿ ಮಕ್ಕಳ ಎದುರು ಜಿಪುಣನಾಗಿ ಕಾಣುತ್ತೇನೆಯೇ ಅಂತ ಒಳಗೆ ಒಂದು ಅಳುಕು ಏಳುತ್ತದಲ್ಲ, ಅದು ನನಗೂ ಇದೆ. ಪ್ರೀತಿಸುವವರನ್ನು ಕಾಪಾಡಲಾರೆನೇನೋ ಅನ್ನುವ ಹೆದರಿಕೆಗೆ ಯಾರೋ ದಿನದ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ ಅನ್ನುವುದು, ಆ ಬೆಲೆ ತೆತ್ತ ಮೇಲೂ ಹೆದರಿಕೆ ಹೋಗುವುದಿಲ್ಲ ಅನ್ನುವುದು ನನಗೆ 300 ಯೂರೊಗಿಂತ ದೊಡ್ಡ ಸಂಗತಿ. ಇಷ್ಟು ಹೇಳುವ ಉದ್ದೇಶ ಇರಲಿಲ್ಲ. ಇರಲಿ, ನಿನಗೆ ಇದೂ ಗೊತ್ತಿರಲಿ.

ಅದಕ್ಕೇ ಹೇಳುವುದು, ನಿರ್ಧಾರಗಳನ್ನೆಲ್ಲ ಮನೆಯಲ್ಲೇ ಮಾಡಿ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು, ಹೆಂಡತಿಗೂ ಮೊದಲೇ ತೋರಿಸು. ಸಹಿಗೆ ಮುಂಚೆ 'ಒಟ್ಟು ಮೊತ್ತದ ಪುಟ ತೋರಿಸಿ' ಅನ್ನು. ಬೇಡ ಅಂದ ಪ್ಯಾಕೇಜು ಅದರಲ್ಲಿ ಸೇರಿಕೊಂಡಿದ್ದರೆ ತೆಗೆಸು, ಸಹಿಯಾದ ಮೇಲೆ ವಾದಕ್ಕೆ ಬೆಲೆಯಿಲ್ಲ.

ಕಾರು ಕೈಗೆ ಬಂದಾಗ ಹತ್ತು ನಿಮಿಷ ಕೊಡು. ನಾಲ್ಕೂ ರಿಮ್ಮಿನ ಹತ್ತಿರದ ಫೋಟೊ, ಮುಂದಿನ ಬಂಪರಿನ ಕೆಳತುಟಿ, ಗಾಜಿನಲ್ಲಿ ಚುಕ್ಕಿಯಂಥ ಬಿರುಕು, ಚಾವಣಿ. ಕತ್ತಲಿದ್ದರೆ ದೀಪದ ಕೆಳಗೆ ತಂದು ನಿಲ್ಲಿಸು, ಒದ್ದೆಯಿದ್ದರೆ ಒರೆಸಿ ನೋಡು, ನೀರಿನ ಹನಿ ಗೀರನ್ನು ಮುಚ್ಚುತ್ತದೆ. ಕಂಡ ಗುರುತು ಅವರ ಹಾಳೆಯಲ್ಲಿ ಇಲ್ಲದಿದ್ದರೆ ಬರೆಸಿಕೊಂಡೇ ಹೊರಡು. ವಾಪಸ್ ಕೊಡುವಾಗ ಅದೇ ಫೋಟೊಗಳು, ಜೊತೆಗೆ ಕಿಲೋಮೀಟರ್ ಮತ್ತು ಇಂಧನದ ಮುಳ್ಳು. ಸಿಬ್ಬಂದಿ ಇರುವ ವೇಳೆಯಲ್ಲೇ ಕೊಡು. ಕೀಯನ್ನು ಪೆಟ್ಟಿಗೆಗೆ ಹಾಕಿ ಹೋದರೆ, ಮರುದಿನ ಕಚೇರಿ ತೆರೆದು ನೋಡುವವರೆಗೆ ಹೆಚ್ಚಿನ ಕಡೆ ಜವಾಬ್ದಾರಿ ನಿನ್ನದೇ. ದಾರಿಯಲ್ಲಿ ಅಪಘಾತವಾದರೆ, ಚಿಕ್ಕದಾದರೂ, ಪೊಲೀಸ್ ವರದಿ ಮಾಡಿಸು. ಅದಿಲ್ಲದೆ ಬಹಳಷ್ಟು ವಿಮೆಗಳು ಕೈ ಎತ್ತುತ್ತವೆ.

ಫೋಟೊಗಳನ್ನೂ ರಸೀದಿಯನ್ನೂ ಒಂದು ವರ್ಷ ಅಳಿಸಬೇಡ. ಮೊದಲ ಎರಡು ತಿಂಗಳ ಕಾರ್ಡ್ ಸ್ಟೇಟ್‌ಮೆಂಟ್ ಸಾಲುಸಾಲಾಗಿ ನೋಡು. ಗೊತ್ತಿಲ್ಲದ ಕಡಿತ ಕಂಡರೆ ಮೊದಲು ಕಂಪನಿಗೆ ಬರೆದು ವಿವರ ಕೇಳು, ಉತ್ತರ ಬಾರದಿದ್ದರೆ ಬ್ಯಾಂಕಿನಲ್ಲಿ ತಕರಾರು ಹಾಕು.

ಬುಕಿಂಗಿನ ನಿಯಮಗಳ ಪುಟವನ್ನು ಪೂರ್ತಿ ಕಳಿಸು, ಎಕ್ಸೆಸ್ ಎಷ್ಟಿದೆ ನೋಡಿ ಹೇಳುತ್ತೇನೆ. ಹಿಂದಿನ ಸೀಟಿನಲ್ಲಿ ನಡುವೆ ಯಾರು ಕೂರಬೇಕು ಅನ್ನುವುದನ್ನು ಮಾತ್ರ ನೀವೇ ಬಗೆಹರಿಸಿಕೊಳ್ಳಿ.

ನಿನ್ನ ಗೆಳೆಯ