ಅಗ್ನಿಶಾಮಕರ ಮನೋಗಾಯವನ್ನೂ ಕರ್ತವ್ಯದ ಗಾಯವೆಂದೇ ಪರಿಗಣಿಸಿ

ಮಾನ್ಯ ಸಂಪಾದಕರೇ,

ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ಅಗ್ನಿಶಾಮಕ ಸಿಬ್ಬಂದಿಗೆ ಚಿಕಿತ್ಸೆ ಕೊಡಿಸುವುದು ಇಲಾಖೆಯ ಹೊಣೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಸುಟ್ಟ ದೇಹಗಳನ್ನು ಹೊರತೆಗೆದು ಬಂದ ಅದೇ ಸಿಬ್ಬಂದಿ ತಿಂಗಳುಗಟ್ಟಲೆ ನಿದ್ದೆಯಿಲ್ಲದೆ ನರಳಿದರೆ, ಅದು ಅವರ ಮನೆಯ ಸಮಸ್ಯೆಯಾಗಿ ಉಳಿದುಬಿಡುತ್ತದೆ. ಈ ತಾರತಮ್ಯವನ್ನು ರಾಜ್ಯ ಸರ್ಕಾರ ಒಂದು ಸ್ಪಷ್ಟ ಆದೇಶದ ಮೂಲಕ ನಿವಾರಿಸಬೇಕು ಎಂದು ಕೋರುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಸಿಬ್ಬಂದಿ ಏನೇನನ್ನು ಕಂಡಿದ್ದಾರೆ ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳೋಣ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತಾಳಲಾರದ ಜನ ಮೇಲಿನ ಮಹಡಿಗಳಿಂದ ಜಿಗಿದರು. ಆ ದುರಂತದಲ್ಲಿ 9 ಮಂದಿ ಸತ್ತರು. ಅದೇ ವರ್ಷ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಉರಿದು 158 ಜನ ಪ್ರಾಣ ಕಳೆದುಕೊಂಡರು. 2019ರ ಮಾರ್ಚ್‌ನಲ್ಲಿ ನಮ್ಮ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದಾಗ ಅವಶೇಷಗಳಡಿಯಿಂದ ಜೀವಂತ ಇದ್ದವರನ್ನೂ ಶವಗಳನ್ನೂ ಹೊರತೆಗೆಯುವ ಕೆಲಸ ದಿನಗಟ್ಟಲೆ ನಡೆಯಿತು. ಕೊಳವೆಬಾವಿಗೆ ಬಿದ್ದ ಮಕ್ಕಳು, ಕೆರೆಯಲ್ಲಿ ಮುಳುಗಿದವರು, ಹೆದ್ದಾರಿಯಲ್ಲಿ ನಜ್ಜುಗುಜ್ಜಾದ ವಾಹನಗಳೊಳಗೆ ಸಿಲುಕಿದವರು, ಇವೆಲ್ಲ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಮುಗಿದುಹೋಗುವ, ಆದರೆ ಠಾಣೆಯವರಿಗೆ ಮತ್ತೆ ಮತ್ತೆ ಬರುವ ಕರೆಗಳು.

ಇಂಥ ಕೆಲಸದಿಂದ ಆಗುವ ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಮನೋದೌರ್ಬಲ್ಯವಲ್ಲ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪರಿಷ್ಕರಿಸಿದ ರೋಗನಿರ್ಣಯ ಕೈಪಿಡಿಯು, ದುರಂತ ಸ್ಥಳಗಳಲ್ಲಿ ಮೃತರ ಅವಶೇಷಗಳನ್ನು ಸಂಗ್ರಹಿಸುವ ಸಿಬ್ಬಂದಿಯನ್ನೇ ಉದಾಹರಿಸಿ, ವೃತ್ತಿಯಲ್ಲಿ ಪದೇ ಪದೇ ಎದುರಾಗುವ ಇಂಥ ಅನುಭವವೂ ಈ ಕಾಯಿಲೆಗೆ ಕಾರಣವಾಗಬಲ್ಲದು ಎಂದು ಹೇಳಿದೆ. ಕಂಡದ್ದು ಕಣ್ಣಮುಂದೆ ಬೇಡವೆಂದರೂ ಮರುಕಳಿಸುವುದು, ಆ ಜಾಗವನ್ನು ತಪ್ಪಿಸಿ ಬಳಸು ದಾರಿಯಲ್ಲಿ ಹೋಗುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಹೆಂಡತಿ ಮಕ್ಕಳ ಬಗೆಗೂ ಮನಸ್ಸು ಮರಗಟ್ಟುವುದು ಇದರ ಲಕ್ಷಣಗಳು. ಮನೆಯವರ ಕಣ್ಣಿಗೆ ಇದು ಬರೀ ಸಿಡುಕುತನವಾಗಿ ಕಾಣಬಹುದು. ಆಘಾತದ ನೆನಪನ್ನು ಹಂತಹಂತವಾಗಿ ಎದುರಿಸಲು ನೆರವಾಗುವ ಮನೋಚಿಕಿತ್ಸೆ ಮತ್ತು ಅಗತ್ಯವಿದ್ದವರಿಗೆ ಔಷಧಿಯಿಂದ ಅನೇಕರು ಚೇತರಿಸಿಕೊಳ್ಳುತ್ತಾರೆ. ಅದಕ್ಕೆ ಅವರು ವೈದ್ಯರ ಬಳಿ ಹೋಗಬೇಕಷ್ಟೆ, ಆದರೆ ಹೋಗುವುದೇ ಕಷ್ಟವಾಗಿದೆ.

ನನ್ನ ಅಣ್ಣ ಈ ಸೇವೆಯಲ್ಲಿದ್ದು ನಿವೃತ್ತರಾದವರು. ಅವರು ಮನೋವೈದ್ಯರನ್ನು ಕಾಣಲು ಒಪ್ಪಿದ್ದು ನಿವೃತ್ತಿಯ ನಂತರ. ಸೇವೆಯಲ್ಲಿದ್ದಾಗಲೇ ಏಕೆ ಹೋಗಲಿಲ್ಲ ಎಂದು ಕೇಳಿದರೆ, ದಾಖಲೆಯಲ್ಲಿ ಅಂಥದ್ದೊಂದು ಸಾಲು ಸೇರಿಬಿಟ್ಟರೆ ವಾಹನದ ಜೊತೆ ಕಳಿಸುವುದನ್ನೇ ನಿಲ್ಲಿಸುತ್ತಾರೆ, ಜೊತೆಗಾರರು ನಂಬಿಕೆ ಕಳೆದುಕೊಳ್ಳುತ್ತಾರೆ ಎಂಬ ಅಂಜಿಕೆ ಇತ್ತು ಎಂದರು. ಬೆಂಕಿಯೊಳಗೆ ನುಗ್ಗಲು ಅಂಜದ ಮನುಷ್ಯ ಒಂದು ಹೊರರೋಗಿ ಚೀಟಿಗೆ ಅಂಜಬೇಕಾಗಿ ಬಂದದ್ದು ನನಗೆ ಈಗಲೂ ಸಂಕಟದ ಸಂಗತಿ.

ಈ ಅಂಜಿಕೆಯನ್ನು ಹೋಗಲಾಡಿಸಲು ಬೇಕಾದ ಕಾನೂನುಗಳು ಸಾಕಷ್ಟು ಮಟ್ಟಿಗೆ ನಮ್ಮಲ್ಲೇ ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆ ಪಡೆಯುವ ಹಕ್ಕನ್ನೂ, ಆ ಮಾಹಿತಿ ಗೋಪ್ಯವಾಗಿ ಉಳಿಯುವ ಹಕ್ಕನ್ನೂ ಕೊಟ್ಟಿದೆ. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರನನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಇಳಿಸುವಂತಿಲ್ಲ ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಹೇಳುತ್ತದೆ. ಆ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಅಸ್ವಸ್ಥತೆಯೂ ಇದೆ. ಇಲ್ಲದಿರುವುದು ಕಾಯಿಲೆ ಕೆಲಸದಿಂದಲೇ ಬಂದದ್ದೆಂದು ಮೊದಲೇ ಒಪ್ಪಿಕೊಳ್ಳುವ ನಿಯಮ. ಕೆನಡಾದ ಒಂಟಾರಿಯೊ ಪ್ರಾಂತ್ಯ 2016ರಲ್ಲಿ ಇಂಥ ಕಾನೂನು ತಂದಿತು. ಕ್ಯಾಲಿಫೋರ್ನಿಯಾದಲ್ಲಿ ಅದು 2020ರ ಜನವರಿಯಿಂದ ಜಾರಿಗೆ ಬಂತು. ಅಲ್ಲಿ ಅಗ್ನಿಶಾಮಕರಲ್ಲಿ ಪಿಟಿಎಸ್‌ಡಿ ಪತ್ತೆಯಾದರೆ ಅದು ವೃತ್ತಿಯಿಂದ ಬಂದದ್ದೆಂದೇ ಭಾವಿಸಲಾಗುತ್ತದೆ. ಅಲ್ಲವೆನ್ನುವವರೇ ಅದನ್ನು ಸಾಬೀತುಪಡಿಸಬೇಕು. ನೋವುಂಡವನೇ ಕಚೇರಿಯಿಂದ ಕಚೇರಿಗೆ ಪುರಾವೆ ಹೊತ್ತು ತಿರುಗುವುದು ಇದರಿಂದ ತಪ್ಪುತ್ತದೆ. ಕರ್ನಾಟಕವೂ ಇದೇ ತತ್ತ್ವವನ್ನು ಅಳವಡಿಸಿಕೊಂಡು, ಚಿಕಿತ್ಸೆಯ ದಿನಗಳನ್ನು ಕರ್ತವ್ಯದ ದಿನಗಳೆಂದೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಒಂದು ದಿನದ ಒತ್ತಡ ನಿರ್ವಹಣಾ ಶಿಬಿರ ನಡೆಸಿ ಕೈತೊಳೆದುಕೊಳ್ಳುವುದರಿಂದ ಏನೂ ಆಗದು. ಘಟನೆಯಾದ ಕೂಡಲೇ ಎಲ್ಲರನ್ನೂ ಕೂರಿಸಿ ಕಂಡದ್ದನ್ನು ಕಡ್ಡಾಯವಾಗಿ ಹೇಳಿಸುವುದು ಈ ಕಾಯಿಲೆಯನ್ನು ತಡೆಯುವುದಿಲ್ಲವೆಂಬ ಕಾರಣಕ್ಕೆ ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿಗಳು ಅದನ್ನು ಬೇಡವೆನ್ನುತ್ತವೆ. ಬದಲಿಗೆ, ದೊಡ್ಡ ದುರಂತದಲ್ಲಿ ಕೆಲಸ ಮಾಡಿದವರನ್ನು ತಿಂಗಳ ಬಳಿಕ ಒಮ್ಮೆ, ಕೆಲವು ತಿಂಗಳ ನಂತರ ಮತ್ತೊಮ್ಮೆ ಇಲಾಖೆಯ ಹೊರಗಿನ ತಜ್ಞರು ಗೋಪ್ಯವಾಗಿ ವಿಚಾರಿಸುವ ವ್ಯವಸ್ಥೆ ಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಹಗಲೂ ರಾತ್ರಿ ಲಭ್ಯವಿದೆ. ಠಾಣೆಗಳಿಗೂ ಈ ಸಂಸ್ಥೆಗಳಿಗೂ ನೇರ ಸಂಪರ್ಕ ಏರ್ಪಡಿಸುವುದು ಗೃಹ ಮತ್ತು ಆರೋಗ್ಯ ಇಲಾಖೆಗಳು ಕೂತು ಮಾತಾಡಿದರೆ ಆಗುವ ಕೆಲಸ. ಕೆಲವರಲ್ಲಿ ಕಾಯಿಲೆ ಪೂರ್ಣವಾಗಿ ಪ್ರಕಟವಾಗಲು ಆರು ತಿಂಗಳಿಗಿಂತ ಹೆಚ್ಚು, ಒಮ್ಮೊಮ್ಮೆ ವರ್ಷಗಳೇ ಹಿಡಿಯುವುದರಿಂದ, ಈ ಸೌಲಭ್ಯವನ್ನು ನಿವೃತ್ತ ಸಿಬ್ಬಂದಿಗೂ ವಿಸ್ತರಿಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಅಗ್ನಿಶಾಮಕರೊಬ್ಬರ ತಂಗಿ, ಧಾರವಾಡ